ನಾರ್ವೆಯಲ್ಲಿ ವಾಪಸಾದ ಅರ್ಜಿ

ಸಿಂಧನೂರಿನ ತಹಸೀಲ್ ಕಚೇರಿಯ ಎದುರಿಗೆ ಒಂದು ಮೇಜು, ಒಂದು ಮಡಚುವ ಕುರ್ಚಿ, ಬಿಸಿಲಿಗೊಂದು ಕೊಡೆ. ಇಷ್ಟು ಸರಂಜಾಮಿನೊಂದಿಗೆ ನಾನು ಮೂವತ್ತೆಂಟು ವರ್ಷಗಳಿಂದ ಸಾರ್ವಜನಿಕರ ಕಷ್ಟಗಳಿಗೆ ಗ್ರಾಂಥಿಕ ಕನ್ನಡದಲ್ಲಿ ಬಡ್ತಿ ಕೊಡಿಸುತ್ತ ಬಂದಿದ್ದೇನೆ. ಸಾಲಗುಂದದ ಹೆಣ್ಣುಮಗಳೊಬ್ಬಳು ಬಂದು, "ರೇಷನ್ ಕಾರ್ಡಿನ್ಯಾಗ ನನ್ನ ಹೆಸರ ಬಿಟ್ಟಾರ್ರೀ ಸಾಹೇಬ್ರ" ಎನ್ನುತ್ತಾಳೆ. ನಾನು ಬರೆಯುತ್ತೇನೆ: "ಪಡಿತರ ಚೀಟಿಯಲ್ಲಿ ಸದರಿ ಅರ್ಜಿದಾರಳ ನಾಮಧೇಯವು ಬಿಟ್ಟುಹೋಗಿರುವ ಸಂಗತಿಯನ್ನು ತಮ್ಮ ಘನ ಅವಗಾಹನೆಗೆ ತರಬಯಸುತ್ತಾ..." ಓದಿ ಹೇಳಿದರೆ ಅವಳು ಕಣ್ಣರಳಿಸುತ್ತಾಳೆ. "ಇಷ್ಟೆಲ್ಲಾ ನಾ ಅಂದ್ನೇನ್ರೀ?" ಅಂದಿಲ್ಲ. ಅದೇ ನನ್ನ ಕಸುಬು.

ಇಂಥವನು ನಾರ್ವೆ ದೇಶಕ್ಕೆ ಹೋದದ್ದು ಅಣ್ಣನ ಮಗಳು ರೇಷ್ಮಾಳ ಸಲುವಾಗಿ. ಅವಳು ಅಲ್ಲಿನ ಪಶ್ಚಿಮ ಕರಾವಳಿಯ ಒಂದು ಕಣಿವೆಯಲ್ಲಿ ವೃದ್ಧರ ಆರೈಕೆ ಮನೆಯ ನರ್ಸು. ಅಣ್ಣ ತೀರಿಕೊಂಡು ಬಹಳ ವರ್ಷಗಳಾದವು. ಭಾಬಿ, ಅಂದರೆ ಅಣ್ಣನ ಹೆಂಡತಿ, ಮಸ್ಕಿಯಲ್ಲಿ ಬಳೆ ಅಂಗಡಿ ನಡೆಸುತ್ತಾಳೆ. ಸಂತೆಯ ದಿನ ಹತ್ತು ಜನ ಗಿರಾಕಿಗಳ ಕೈ ಹಿಡಿದುಕೊಂಡೇ ಇನ್ನು ಹತ್ತು ಜನರನ್ನು ಗದರಿಸಬಲ್ಲ ಗಟ್ಟಿಗಿತ್ತಿ. ನನ್ನನ್ನು ಈ ರಾಯಭಾರಕ್ಕೆ ನೇಮಿಸಿದವಳು ಅವಳೇ.

"ಇಮಾಮಭಾಯಿ, ನೀ ಹೋಗಿ ಬಾ. ಅಕಿ ಫೋನಿನ್ಯಾಗ ಬರ್ತೀನಿ ಅಂತಾನೂ ಅನ್ನಂಗಿಲ್ಲ, ಬರಂಗಿಲ್ಲ ಅಂತಾನೂ ಅನ್ನಂಗಿಲ್ಲ. ಊರಿಗೆ ಬರ್ತಾಳೋ ಇಲ್ಲೋ, ಒಂದ ಮಾತು ಕೇಳ್ಕೊಂಡ ಬಾ. ಒಂದ ಮಾತು! ನಿನ್ನ ಅರ್ಜಿ ನನಗ ಬ್ಯಾಡ."

ಓಸ್ಲೋ

ವಿಮಾನ ನಿಲ್ದಾಣದ ಅಧಿಕಾರಿ ಪ್ರಯಾಣದ ಉದ್ದೇಶ ಕೇಳುತ್ತಾನೆಂದು ಅನುಭವಸ್ಥರು ಹೇಳಿದ್ದರು. ಆದ್ದರಿಂದ ಇಂಗ್ಲಿಷಿನಲ್ಲಿ ಎರಡು ಪುಟದ ವಿನಂತಿ ಪತ್ರ ಸಿದ್ಧಪಡಿಸಿಕೊಂಡು ಹೋಗಿದ್ದೆ. ಅದರಲ್ಲಿ ನನ್ನ ವಂಶಾವಳಿ, ನಾರ್ವೆಯ ರಾಜಮನೆತನಕ್ಕೆ ಆಯುರಾರೋಗ್ಯದ ಹಾರೈಕೆ, ಅವಧಿ ಮುಗಿದ ಕೂಡಲೇ ಚಕಾರವೆತ್ತದೆ ನಿರ್ಗಮಿಸುವ ಪ್ರಮಾಣ ಎಲ್ಲವೂ ಇದ್ದವು. ಗಾಜಿನ ಹಿಂದಿನ ಅಧಿಕಾರಿ ಅದನ್ನು ತಿರುಗಿಸಿ ಮುರುಗಿಸಿ ನೋಡಿ, ಯಾರನ್ನು ಕಾಣಲು ಬಂದಿರಿ ಎಂದು ಕೇಳಿದ. "ಬ್ರದರ್ಸ್ ಡಾಟರ್. ನರ್ಸ್," ಎಂದೆ. ನಿಮ್ಮ ಕೈಬರಹ ಚೆನ್ನಾಗಿದೆ ಎಂದು ಹೇಳಿ ಪತ್ರ ಹಿಂದಕ್ಕೆ ಕೊಟ್ಟು, ಮುಂದೆ ಹೋಗಿ ಎಂದು ಕೈ ತೋರಿದ. ಅರ್ಜಿಯನ್ನು ಓದದೆಯೇ ತಿರಸ್ಕರಿಸಿದ ಅಧಿಕಾರಿಗಳನ್ನು ನಾನು ಬೇಕಾದಷ್ಟು ಕಂಡಿದ್ದೇನೆ. ಓದದೆಯೇ ಮಂಜೂರು ಮಾಡಿದವನು ಇವನೊಬ್ಬನೇ.

ಅಲ್ಲಿಂದ ಇನ್ನೊಂದು ಸಣ್ಣ ವಿಮಾನ, ಬರ್ಗೆನ್ ಎಂಬ ಪಟ್ಟಣಕ್ಕೆ. ರೇಷ್ಮಾ ಮಳೆಯಲ್ಲಿ ನಿಂತಿದ್ದಳು. ಮಳೆಯ ಅಂಗಿ ತೊಟ್ಟು, ಗಲ್ಲ ಕೆಂಪಗಾಗಿ, ಸ್ವಲ್ಪ ದಪ್ಪ ಆಗಿದ್ದಳು. ನನ್ನ ಕೊಡೆ ನೋಡಿ ಮೊದಲ ಮಾತಿಗೇ ನಕ್ಕಳು.

"ಚಿಚ್ಚಾ, ಇಲ್ಲಿ ಗಾಳಿಗೆ ಕೊಡಿ ನಿಲ್ಲಂಗಿಲ್ಲ. ನೀವ ಹಾರಿ ಹೋಗ್ತೀರಿ."

ಹಾಗೆಯೇ ಆಯಿತು. ನಾನು ಹಾರಲಿಲ್ಲ, ಕೊಡೆಯು ಮಾತ್ರ ಸಕಲ ಮರ್ಯಾದೆಗಳೊಂದಿಗೆ ಸಮುದ್ರಪಾಲಾಯಿತು.

ಒಂದು ಅರಿಕೆ. ನಮ್ಮದು ಮನೆಯಲ್ಲಿ ದಖನಿ ಉರ್ದು, ಬೀದಿಯಲ್ಲಿ ಕನ್ನಡ; ಚಿಚ್ಚಾ ಎಂದರೆ ಚಿಕ್ಕಪ್ಪ. ರೇಷ್ಮಾ ನನ್ನೊಡನೆ ಎರಡನ್ನೂ ಕಲಸಿ ಮಾತಾಡಿದಳು. ಓದುಗರ ಅನುಕೂಲಕ್ಕಾಗಿ ಕನ್ನಡದ ಪಾಲನ್ನೇ ಹೆಚ್ಚಾಗಿ ಬಡಿಸಿದ್ದೇನೆ.

ಬಸ್ಸು ಮತ್ತು ಹಡಗು

ಕಣಿವೆಗೆ ಹೋಗುವ ಬಸ್ಸಿನಲ್ಲಿ ಐದಾರು ಜನ ಮಾತ್ರ ಇದ್ದರು, ಒಬ್ಬೊಬ್ಬರು ಒಂದೊಂದು ಕಿಟಕಿಗೆ. ರೇಷ್ಮಾ ಸಾಮಾನು ಇಡುವಷ್ಟರಲ್ಲಿ ನಾನು ನಮ್ಮ ಕಡೆಯ ಸೌಜನ್ಯದಂತೆ ಒಬ್ಬ ಹಿರಿಯರ ಪಕ್ಕ ಹೋಗಿ ಕುಳಿತೆ. ಖಾಲಿ ಬಸ್ಸಿನಲ್ಲಿ ಒಂಟಿಯಾಗಿ ಕುಳಿತವನ ಪಕ್ಕ ಕೂರದಿರುವುದು ಲಿಂಗಸುಗೂರು ಬಸ್ಸಿನಲ್ಲಾದರೆ ಜಗಳಕ್ಕೆ ಸಮ. ಅವರು ನನ್ನನ್ನು ಕಾಳಜಿಯಿಂದ ನೋಡಿ ಏನೋ ಕೇಳಿದರು. ರೇಷ್ಮಾ ಓಡಿ ಬಂದಳು.

"ಏನಂತಾರಬೇ?"

"ಮೈಯಾಗ ಆರಾಮ ಇಲ್ಲೇನು, ಡಾಕ್ಟರ್ನ ಕರೀಲೇನು ಅಂತ ಕೇಳಾಕತ್ಯಾರ. ಏಳ್ರಿ ಚಿಚ್ಚಾ, ಹಿಂದ ಬರ್ರಿ."

ಸ್ವಲ್ಪ ದೂರ ಹೋದ ಮೇಲೆ ಇಡೀ ಬಸ್ಸು ಒಂದು ಹಡಗಿನೊಳಗೆ ಹೋಗಿ ನಿಂತಿತು. ಸಮುದ್ರವು ಬೆಟ್ಟಗಳ ನಡುವೆ ಬೆರಳು ತೂರಿಸಿದಂತೆ ಒಳಕ್ಕೆ ಬಂದಿತ್ತು. ತುಂಗಭದ್ರೆಯ ಕಾಲುವೆ ದಢೇಸುಗೂರಿನ ಗದ್ದೆಗಳ ಪಕ್ಕ ಹರಿಯುವುದನ್ನೇ ನೀರಿನ ವೈಭವವೆಂದು ನಂಬಿದ್ದ ನಾನು ಬಸ್ಸಿಳಿದು ಹಡಗಿನ ಕಂಬಿ ಹಿಡಿದು ನಿಂತೆ. ಹಡಗಿನ ಧ್ವನಿವರ್ಧಕದಲ್ಲಿ ಒಬ್ಬ ಗಂಡಸು ಏನೋ ಹೇಳಿದ. ಅಲ್ಲೇ ಇದ್ದ ಚಹದ ಅಂಗಡಿಯ ಟೀವಿಯಲ್ಲಿ ಒಬ್ಬ ಹೆಣ್ಣುಮಗಳು ಹವಾಮಾನ ಹೇಳುತ್ತಿದ್ದಳು. ರೇಷ್ಮಾ ವಿವರಿಸಿದಳು: ಹಡಗಿನವನು ಮಾತಾಡಿದ್ದು ಒಂದು ಊರಿನ ನುಡಿ, ಟೀವಿಯವಳದು ಉತ್ತರದ ಇನ್ನೊಂದು ಊರಿನ ನುಡಿ.

"ಟೀವಿಯೊಳಗೂ ಊರ ಮಾತಾ?"

"ಹೌ ಚಿಚ್ಚಾ. ಪಾರ್ಲಿಮೆಂಟಿನ್ಯಾಗೂ ಅಷ್ಟ. ಯಾರ್ಯಾರು ಎಲ್ಲೆಲ್ಲಿಯವರೋ ಹಂಗ ಮಾತಾಡ್ತಾರ. ಯಾರೂ ನಗಂಗಿಲ್ಲ."

"ಮತ್ತ ಶುದ್ಧ ಮಾತು ಯಾರದು?"

ಅವಳು ಸ್ವಲ್ಪ ಯೋಚಿಸಿದಳು. "ಮಾತಿನ್ಯಾಗ ಯಾರದೂ ಇಲ್ಲ. ಬರಿಯೂದರಾಗ ಮಾತ್ರ ಎರಡು ಅದಾವ. ಎರಡೂ ಸರಕಾರದ್ದ."

ಒಂದು ದೇಶ, ನಮ್ಮ ಬೆಂಗಳೂರಿನ ಅರ್ಧಕ್ಕೂ ಕಡಿಮೆ ಜನ, ಬರೆಯುವ ಭಾಷೆ ಎರಡು. ಅರ್ಜಿ ಬರೆಯುವವರ ಸಂಘವೊಂದು ಅಲ್ಲಿ ಎಷ್ಟು ಸಮೃದ್ಧವಾಗಿರಬೇಕು ಎಂದುಕೊಂಡೆ. ಕೇಳಿದೆ. ಅಂಥ ಕಸುಬೇ ಅಲ್ಲಿ ಇಲ್ಲವಂತೆ. ಸರ್ಕಾರದ ಕಚೇರಿಗೆ ನೀವು ಯಾವ ಬಗೆಯ ಬರಹದಲ್ಲಿ ಬರೆದರೆ ಅದೇ ಬಗೆಯಲ್ಲಿ ಅವರು ಉತ್ತರ ಕೊಡಬೇಕೆಂದು ಕಾನೂನಿದೆಯಂತೆ. ನನಗೆ ಆ ರಾಷ್ಟ್ರದ ಬಗ್ಗೆ ಮೊದಲ ಬಾರಿಗೆ ಸಂಶಯ ಹುಟ್ಟಿತು.

ಕಣಿವೆ, ಭಾನುವಾರ

ರೇಷ್ಮಾಳ ಮನೆ ಎಂದರೆ ಎರಡು ಕೋಣೆ, ಒಂದು ಅಡುಗೆಮನೆ, ಕಿಟಕಿಯ ತುಂಬ ಬೆಟ್ಟ. ಚಪ್ಪಲಿ ಬಾಗಿಲಲ್ಲೇ ಬಿಡುವ ಪದ್ಧತಿ ಅವರಲ್ಲೂ ಇದೆ, ಅಷ್ಟರಮಟ್ಟಿಗೆ ಸುಸಂಸ್ಕೃತರು. ಊಟವಾದ ಮೇಲೆ ನಾನು ಭಾಬಿಯ ಪ್ರಶ್ನೆಯನ್ನು ಮಂಡಿಸಿದೆ.

"ನಿಮ್ಮ ಅಮ್ಮಿ ಒಂದ ಮಾತು ಕೇಳ್ಯಾಳ. ನೀ ಬರ್ತೀಯೋ ಇಲ್ಲೋ?"

ರೇಷ್ಮಾ ತಟ್ಟೆ ತೊಳೆಯುತ್ತಿದ್ದವಳು ಹಿಂತಿರುಗದೆ ಹೇಳಿದಳು. ಎರಡು ವರ್ಷದಿಂದ ತಾತ್ಕಾಲಿಕ ನೇಮಕದಲ್ಲಿದ್ದಾಳೆ. ಈಗ ಒಂದು ಕಾಯಂ ಹುದ್ದೆ ಬಂದಿದೆ, ಒಂದೇ ಒಂದು. ಅರ್ಜಿಗೆ ಶುಕ್ರವಾರ ಮೂರು ಗಂಟೆಯವರೆಗೆ ಅವಕಾಶ. ಅದೇ ಕಣಿವೆಯಲ್ಲಿ ಹುಟ್ಟಿದ ಇನ್ನಿಬ್ಬರೂ ಹಾಕುತ್ತಿದ್ದಾರೆ. ಹುದ್ದೆ ಸಿಕ್ಕರೆ ಇಲ್ಲಿರುತ್ತಾಳೆ. ಸಿಗದಿದ್ದರೆ ಹೊರಡಬೇಕು. "ಅದಕ್ಕ ಅಮ್ಮಿಗೆ ಏನೂ ಹೇಳಿಲ್ಲ."

"ನಿನ್ನ ಮನಸ್ಸು?"

"ಇರಬೇಕು ಅಂತೈತಿ, ಚಿಚ್ಚಾ."

ನಾನು ಮೂವತ್ತೆಂಟು ವರ್ಷ ಬರೆದ ವರ್ಗಾವಣೆ ಅರ್ಜಿಗಳೆಲ್ಲವೂ ಮನುಷ್ಯರನ್ನು ಅವರ ಊರಿನ ಹತ್ತಿರಕ್ಕೆ ತರುವುದಕ್ಕೆ. ದೂರ ಇರಿಸಿಕೊಳ್ಳಿರೆಂದು ಒಂದನ್ನೂ ಬರೆದಿರಲಿಲ್ಲ. ಆದರೆ ಅರ್ಜಿ ಎಂಬ ಶಬ್ದ ಕೇಳಿದ ಕೂಡಲೇ ನನ್ನ ಬಲಗೈ ನನ್ನ ಮಾತು ಕೇಳುವುದಿಲ್ಲ. ಹಾಳೆ ಎಳೆದುಕೊಂಡೆ. ಅರ್ಧ ಗಂಟೆಯಲ್ಲಿ ಕರಡು ಸಿದ್ಧ: "ಘನತೆವೆತ್ತ ಮಹನೀಯರ ಸನ್ನಿಧಾನದಲ್ಲಿ, ಕೆಳಗೆ ಸಹಿ ಮಾಡಿದ ಬಡ ಅರ್ಜಿದಾರಳು ತಲೆಬಾಗಿ ವಿನಂತಿಸಿಕೊಳ್ಳುವುದೇನೆಂದರೆ, ಅರ್ಜಿದಾರಳು ಅಲ್ಪಮತಿಯಾಗಿದ್ದು, ತಮ್ಮಂಥ ದಯಾಳುಗಳ ಕೃಪಾದೃಷ್ಟಿಯ ಹೊರತು ಅವಳಿಗೂ ಅವಳ ವಿಧವೆ ತಾಯಿಗೂ ಅನ್ಯ ಗತಿ ಇರುವುದಿಲ್ಲವಾದ್ದರಿಂದ..."

ರೇಷ್ಮಾ ಅನುಮಾನಿಸಿದಳು. "ಅಲ್ಪಮತಿ ಅಂತ ಬರೀಬೇಕೇನ್ರಿ?"

"ಅದು ಪದ್ಧತಿಬೇ. ನಾವು ಸಣ್ಣವರಾದಷ್ಟೂ ಸಾಹೇಬ ದೊಡ್ಡಾವ ಆಗ್ತಾನ. ದೊಡ್ಡಾವ ಆದ್ರನ ಕೊಡ್ತಾನ."

ನರ್ಸಿಂಗ್ ಓದುವಾಗಿನಿಂದ ಅವಳ ಪ್ರತಿಯೊಂದು ಅರ್ಜಿಯನ್ನು ತಿದ್ದಿದವನು ನಾನು. ತಿದ್ದಿದ ಅಭ್ಯಾಸ ನನಗಿತ್ತು, ತಿದ್ದಿಸಿಕೊಂಡ ಅಭ್ಯಾಸ ಅವಳಿಗಿತ್ತು. ತರಗತಿಯಲ್ಲಿ ಕಲಿತ ನಾರ್ವೆಯ ಭಾಷೆಗೆ, ಅಂದರೆ ಎರಡು ಬರಹಗಳಲ್ಲಿ ಪಟ್ಟಣದವರು ಬಳಸುವ 'ಪುಸ್ತಕ ಭಾಷೆ'ಗೆ, ಒಂದಕ್ಷರ ಬಿಡದೆ ಇಳಿಸಿ ಸೋಮವಾರವೇ ಸಲ್ಲಿಸಿದಳು.

ಬುಧವಾರ

ಬುಧವಾರ ಸಂಜೆ ರೇಷ್ಮಾ ಮನೆಗೆ ಬಂದು ಮಳೆಯ ಅಂಗಿ ಬಿಚ್ಚದೆಯೇ ಕುರ್ಚಿಯಲ್ಲಿ ಕುಳಿತಳು. ಆರೈಕೆ ಮನೆಯ ಮುಖ್ಯಸ್ಥೆ ಇಂಗ್ರಿಡ್ ಅವಳನ್ನು ಒಳಗೆ ಕರೆದು ಬಾಗಿಲು ಹಾಕಿಕೊಂಡಳಂತೆ.

"ಮೊದಲ ಕೇಳಿದ್ಲು, ನಿಮ್ಮ ತಾಯಿ ಉಪವಾಸ ಅದಾಳೇನು ಅಂತ."

"ಯಾರು, ಭಾಬಿ?"

"ಗತಿ ಇಲ್ಲ ಅಂತ ಬರದೀವಲ್ರಿ! ಸಹಾಯ ಕೊಡೋ ಕಚೇರಿ ಫಾರ್ಮು ತೆಗೆದು ಮುಂದಿಟ್ಟಿದ್ಲು ಪಾಪ. ಆಮ್ಯಾಲ ಕೇಳಿದ್ಲು, ನಿನಗ ಬುದ್ಧಿ ಕಡಿಮಿ ಐತಿ ಅಂತ ನಿನಗ ಯಾರು ಹೇಳಿದ್ರು, ಇಲ್ಲಿ ಯಾರರ ನಿನಗ ಬೈದಾರೇನು ಅಂತ. ಯಾರೂ ಬೈದಿಲ್ಲ ಅಂದೆ. ಹಂಗಾದ್ರ ಇದನ್ನ ಬರದಾಕಿ ಯಾರು, ನಾ ಬಲ್ಲ ರೇಷ್ಮಾ ಇದರಾಗ ಎಲ್ಲಿ ಅದಾಳ ಅಂತ ಕೇಳಿದ್ಲು."

ಆಯ್ಕೆ ಸಮಿತಿಯಲ್ಲಿ ಹೊರಗಿನವರೂ ಇರುತ್ತಾರೆ. ಅವರು ರೇಷ್ಮಾಳ ಕೆಲಸ ನೋಡಿದವರಲ್ಲ. ಅವರಿಗೆ ಸಿಗುವುದು ಈ ಕಾಗದ ಒಂದೇ. ಶುಕ್ರವಾರ ಮೂರರ ತನಕ ಹಿಂತೆಗೆದುಕೊಂಡು ಬೇರೆ ಹಾಕಬಹುದು, ಇದನ್ನೇ ಇಟ್ಟರೆ ನಾನೂ ನಿನ್ನ ಪರವಾಗಿ ಏನೂ ಹೇಳಲಾರೆ ಎಂದು ಇಂಗ್ರಿಡ್ ಹೇಳಿದಳಂತೆ. ನೀನು ಮಾತಾಡುವ ಹಾಗೆ ಬರೆದುಕೊಂಡು ಬಾ ಎಂದಳಂತೆ.

ಬದುಕಿನಲ್ಲಿ ನನ್ನ ಅರ್ಜಿಗಳು ಕಪಾಟಿನಲ್ಲಿ ಮಲಗಿವೆ, ಇಲಿಗೆ ಆಹಾರವಾಗಿವೆ, ಒಮ್ಮೆ ಭಜಿ ಕಟ್ಟಿಕೊಂಡು ನನ್ನ ಕೈಗೇ ವಾಪಸ್ ಬಂದಿವೆ. ಆದರೆ ಪೂರ್ತಿ ಓದಿ, ಅರ್ಥ ಮಾಡಿಕೊಂಡು, ಇದರಲ್ಲಿ ಮನುಷ್ಯರೇ ಇಲ್ಲ ಎಂದು ಯಾರೂ ಹಿಂದಿರುಗಿಸಿರಲಿಲ್ಲ.

"ಮಾತಾಡಿದಂಗ ಬರಿ ಅಂದ್ರ ಹೆಂಗ್ರಿ ಚಿಚ್ಚಾ? ನನಗ ಬರಂಗಿಲ್ಲ."

ನನಗೂ ಬರುತ್ತಿರಲಿಲ್ಲ.

ಗುಡ್ರುನ್ ಅಜ್ಜಿಯ ಕೋಣೆ

ಗುರುವಾರ ಮಧ್ಯಾಹ್ನ ರೇಷ್ಮಾ ನನ್ನನ್ನು ಆರೈಕೆ ಮನೆಗೆ ಕರೆದೊಯ್ದಳು. ಅಲ್ಲಿ ರೇಷ್ಮಾ ನೋಡಿಕೊಳ್ಳುವ ಗುಡ್ರುನ್ ಅಜ್ಜಿಗೆ ಎಂಬತ್ತೆಂಟು. ಕುರಿ ಸಾಕಿದ ಹೆಂಗಸು. ಕೈಬೆರಳುಗಳು ಬೇರಿನಂತಿದ್ದರೂ ಉಣ್ಣೆಯ ಕಾಲುಚೀಲ ಹೆಣೆಯುವುದನ್ನು ನಿಲ್ಲಿಸಿರಲಿಲ್ಲ. ಅವಳ ಮಾತನ್ನು ರೇಷ್ಮಾ ನನಗೆ ಹೇಳುತ್ತ ಹೋದಳು. ಆದ್ದರಿಂದ ನನ್ನ ಪಾಲಿಗೆ ಗುಡ್ರುನ್ ಅಜ್ಜಿ ಅಪ್ಪಟ ಮಸ್ಕಿಯವಳು.

"ಇವರೇನು ಆ ಕಾಗದ ಬರದ ಕಾಕಾ?" ಎಂಬುದು ಅವಳ ಸ್ವಾಗತ ಭಾಷಣ. ಸುದ್ದಿ ಹರಡಿತ್ತು. "ನಮ್ಮ ಹುಡುಗಿ ಅಷ್ಟು ಬಗ್ಗಿ ನಿಂತ್ರ ನನ್ನನ್ನ ಎತ್ತವರು ಯಾರು?"

ನಾನು ನನ್ನ ಕಸುಬಿನ ಗೌರವ ಉಳಿಸಿಕೊಳ್ಳಲು, ಬರಹಕ್ಕೆ ಒಂದು ಗಾಂಭೀರ್ಯ ಬೇಕೆಂದೂ ಆಡಿದ್ದನ್ನೆಲ್ಲ ಬರೆಯಲಾಗದೆಂದೂ ಹೇಳಿಸಿದೆ. ಅಜ್ಜಿ ಹೆಣಿಗೆ ಕೆಳಗಿಟ್ಟಳು. ಮುಂದಿನ ಒಂದು ತಾಸು ನಾನು ವಿದ್ಯಾರ್ಥಿಯಾದೆ.

ಸುಮಾರು ನಾಲ್ಕು ನೂರು ವರ್ಷ ಈ ದೇಶ ಡೆನ್ಮಾರ್ಕಿನ ದೊರೆಗಳ ಕೈಯಲ್ಲಿತ್ತಂತೆ. ಕಚೇರಿ, ಚರ್ಚು, ಪುಸ್ತಕ ಎಲ್ಲ ಡೇನರ ಬರಹದಲ್ಲಿ; ಹೊಲ, ಅಡುಗೆಮನೆ, ಜಗಳ ಎಲ್ಲ ತಮ್ಮ ಮಾತಿನಲ್ಲಿ. ಹತ್ತೊಂಬತ್ತನೆಯ ಶತಮಾನದಲ್ಲಿ ಡೇನರು ಹೋದರು, ಅವರ ಬರಹ ಹೋಗಲಿಲ್ಲ. ಈಗ ನಮ್ಮದೇ ಬರಹ ಬೇಕಲ್ಲ ಎಂಬ ಮಾತು ಬಂತು. ಪಟ್ಟಣದ ಓದಿದವರು, ಇರುವ ಡೇನಿಷನ್ನೇ ನಮ್ಮ ನಾಲಿಗೆಗೆ ಸ್ವಲ್ಪ ಸ್ವಲ್ಪ ಬಗ್ಗಿಸಿಕೊಳ್ಳೋಣ ಎಂದರು. ಅದು ಇಂದಿನ ಪುಸ್ತಕ ಭಾಷೆ. ಆದರೆ ಪಶ್ಚಿಮದ ಒಬ್ಬ ರೈತನ ಮಗ, ತನಗೆ ತಾನೇ ಓದಿಕೊಂಡವನು, ಅದಕ್ಕೆ ಒಪ್ಪಲಿಲ್ಲ. ಕಣಿವೆಯಿಂದ ಕಣಿವೆಗೆ ವರ್ಷಗಟ್ಟಲೆ ತಿರುಗಿ, ರೈತರ ಬಾಯಲ್ಲಿದ್ದ ಮಾತನ್ನು ಕೂಡಿಹಾಕಿ ವ್ಯಾಕರಣ ಬರೆದ, ನಿಘಂಟು ಮಾಡಿದ, ಅದರಿಂದ ಇನ್ನೊಂದು ಬರಹ ಕಟ್ಟಿದ. ಅದಕ್ಕೆ ಈಗ ಹೊಸ ನಾರ್ವೇಜಿಯನ್ ಎಂದು ಹೆಸರು. ಪಾರ್ಲಿಮೆಂಟು ಎರಡಕ್ಕೂ ಸಮಾನ ಸ್ಥಾನ ಕೊಟ್ಟಿತು. ಆಮೇಲೆ ಸರ್ಕಾರ ದಶಕಗಳ ಕಾಲ ಎರಡನ್ನೂ ಕಲಸಿ ಒಂದು ಮಾಡಲು ಹೋಯಿತು, ಎರಡೂ ಕಡೆಯವರು ಕೂಗಾಡಿದರು, ಕೊನೆಗೆ ಕೈಬಿಟ್ಟಿತು. ಈಗ ಶಾಲೆಯ ಮಕ್ಕಳು ಎರಡನ್ನೂ ಕಲಿಯುತ್ತಾರೆ, ಎರಡನ್ನೂ ಬೈಯುತ್ತಾರೆ.

ಕೇಳುತ್ತ ನನಗೆ ನನ್ನ ಅಜ್ಜ ಕಾಣಿಸಿದ. ನಿಜಾಮನ ಕಾಲದಲ್ಲಿ ಲಿಂಗಸುಗೂರಿನ ಕಚೇರಿಯ ಮುಂದೆ ಕುಳಿತು ಅವನು ಉರ್ದುವಿನಲ್ಲಿ ಅರ್ಜಿ ಬರೆಯುತ್ತಿದ್ದ. ಬರೆಸಲು ಬರುತ್ತಿದ್ದವರು ಕನ್ನಡದವರು. ರಾಜ್ಯ ಒಂದಾದ ಮೇಲೆ ಅಪ್ಪ ಕನ್ನಡ ಕಲಿತು ಸಿಂಧನೂರಿಗೆ ಮೇಜು ತಂದ. ಆ ಕನ್ನಡವಾದರೂ ಪುಸ್ತಕದಿಂದ ಬಂದದ್ದು, ನಮ್ಮ ಬಾಯಿಯಿಂದಲ್ಲ. ಇನ್ನೂ ಹಿಂದೆ ಹೋದರೆ, ಮಸ್ಕಿಯ ಬಂಡೆಯ ಮೇಲೆ ಚಕ್ರವರ್ತಿ ಕೆತ್ತಿಸಿದ ಶಾಸನವೂ ಸ್ಥಳೀಯರ ನುಡಿಯಲ್ಲಿಲ್ಲ, ಪ್ರಾಕೃತದಲ್ಲಿದೆ. ಸರ್ಕಾರವು ಮಸ್ಕಿಯವರಿಗೆ ಅರ್ಥವಾಗದಂತೆ ಬರೆಯುವ ಪದ್ಧತಿ ಎರಡು ಸಾವಿರ ವರ್ಷಕ್ಕೂ ಹಳೆಯದು. ನಮ್ಮ ಮನೆತನ ಅದರಲ್ಲಿ ಇತ್ತೀಚೆಗೆ ಸೇರಿಕೊಂಡಿದೆ, ಅಷ್ಟೇ.

"ಹಂಗಾದ್ರ ಆ ರೈತನ ಮಗ ಮಾಡಿದ್ದು ನಿಮ್ಮ ಮಾತ ಅನ್ನು," ಎಂದು ಕೇಳಿಸಿದೆ.

ಅಜ್ಜಿ ನಕ್ಕಳು. "ಎಲ್ಲೀದು? ಅವನೂ ಮೇಜಿನ ಮುಂದ ಕುಂತ ಕಟ್ಟಿದ್ದ. ನಾ ಮಾತಾಡೂದು ಅದರಂಗ ಪೂರಾ ಇಲ್ಲ, ಬಾಜೂ ಕಣಿವಿಯವರದೂ ಇಲ್ಲ. ಬರಹ ಅಂದ್ರ ಎಲ್ಲಾರಿಗೂ ಸ್ವಲ್ಪ ಬಿಗಿ ಆಗೋ ಅಂಗಿ. ಆದ್ರ ಇದನ್ನ ಹೊಲದಾವ ನಮ್ಮ ಮೈ ಅಳತಿ ತಗೊಂಡಿದ್ದ."

ಅವಳ ಅಕ್ಕ ಬರ್ಗೆನ್ನಿಗೆ ಅಂಗಡಿ ಕೆಲಸಕ್ಕೆ ಹೋದವಳು ಒಂದು ವರ್ಷಕ್ಕೆ ಪಟ್ಟಣದ ಮಾತು ಕಲಿತು ಹಬ್ಬಕ್ಕೆ ಬಂದಳಂತೆ. ಅಪ್ಪ ಊಟದ ಮೇಜಿನಲ್ಲಿ ಅವಳ ಮಾತು ಕೇಳಿ, ಅತಿಥಿಗೆ ಇನ್ನೊಂದು ಆಲೂಗಡ್ಡೆ ಬಡಿಸಿ ಎಂದನಂತೆ. ಅಕ್ಕ ಅತ್ತಳು. ಮರುವರ್ಷ ಬರಲೇ ಇಲ್ಲ. ಇದನ್ನು ಹೇಳಿ ಗುಡ್ರುನ್ ಅಜ್ಜಿ ಹೆಣಿಗೆಯನ್ನು ಮತ್ತೆ ಕೈಗೆತ್ತಿಕೊಂಡಳು. ಆ ಅಪ್ಪ ಸರಿಯೋ ತಪ್ಪೋ ಎಂದು ನಾನು ಕೇಳಲಿಲ್ಲ. ನಾನೂ ಕೆಲವರ ಮಾತು ತಿದ್ದಿದವನು.

ಹೊರಡುವಾಗ ಅಜ್ಜಿ ರೇಷ್ಮಾಳ ಕೈಹಿಡಿದು ಹೇಳಿದ್ದು: "ನಿನ್ನ ಮಾತಿನ್ಯಾಗ ಮೊದಲ ಈ ಕಾಕಾಗ ಹೇಳು. ಅವರು ಬರಕೊಳ್ಳಲಿ, ಬಾಯಿ ಹಾಕಬಾರದು. ನಾಳೆ ಅದನ್ನ ನನಗ ಹೇಳು. ನಾ ಬರಸ್ತೀನಿ."

ಅಡುಗೆಮನೆಯ ಮೇಜು

ಅಂದು ಸಂಜೆ ಅಡುಗೆಮನೆಯಲ್ಲಿ ನಾನು ಸಿಂಧನೂರಿನಲ್ಲಿ ಕುಳಿತಂತೆಯೇ ಕುಳಿತೆ. ಎದುರಿಗೆ ಅರ್ಜಿದಾರಳು. ಷರತ್ತು ಒಂದೇ: ಅವಳು ಆಡಿದ್ದನ್ನು ಆಡಿದ ಹಾಗೆ ಬರೆಯಬೇಕು. ಓದುಗರಿಗೆ ಇದು ಸುಲಭವೆನಿಸಬಹುದು. ಮೂವತ್ತೆಂಟು ವರ್ಷ ಬಲಗೈಯಿಂದ ಉಂಡವನಿಗೆ ಎಡಗೈಯಿಂದ ಉಣ್ಣು ಎಂದಂತೆ ಅದು. ರೇಷ್ಮಾ 'ಬರ್ತೀನಿ' ಎಂದರೆ ಲೇಖನಿ 'ಹಾಜರಾಗುತ್ತೇನೆ' ಎನ್ನಲು ಹವಣಿಸುತ್ತಿತ್ತು. ತಡೆದು ಹಿಡಿದೆ.

"ನಾ ರೇಷ್ಮಾ. ಎರಡು ವರ್ಷ ಆತು ಇಲ್ಲಿ. ಮುಂಜಾನೆ ಏಳಕ್ಕ ಬರ್ತೀನಿ. ಮೊದಲ ಪರದೆ ಸರಸ್ತೀನಿ. ಗುಡ್ರುನ್ ಅಜ್ಜಿ ಕಣ್ಣ ಬಿಡಂಗಿಲ್ಲ, ಮಳಿ ಹೆಂಗೈತಿ ಅಂತ ಕೇಳ್ತಾಳ. ಸಣ್ಣದೈತೋ, ದಪ್ಪದೈತೋ, ಅಡ್ಡ ಬೀಳಾಕತ್ತೈತೋ, ಎಲ್ಲಾ ಹೇಳಬೇಕು. ಮೊದಲ ನನಗ ಗೊತ್ತಾಗ್ತಿದ್ದಿಲ್ಲ. ಈಗ ಹೇಳಾಕ ಬರ್ತೈತಿ. ಹೇಳಿದ ಮ್ಯಾಲ ಅಕಿ ಎದ್ದು ಕುಂದರ್ತಾಳ."

"ಹಂ. ಮುಂದ."

"ಮೂರನೇ ಕೋಣಿಯಾಗಿನ ಅಜ್ಜ ಮಾತಾಡಂಗಿಲ್ಲ. ಮಾರಿ ಕ್ಷೌರ ಮಾಡುವಾಗ ಗಲ್ಲ ಹಿಂಗ ಮುಂದ ಮಾಡ್ತಾನ. ಅಂದ್ರ ಅವತ್ತು ಆರಾಮ ಅದಾನ. ಮಾಡಲಿಲ್ಲಂದ್ರ ಎಲ್ಲೋ ನೋವೈತಿ. ಹುಡುಕ್ತೀನಿ. ಇದನ್ನ ನನಗ ಯಾರೂ ಕಲಿಸಿಲ್ಲ." ನಾನು ಹಾಳೆ ಮಗುಚಿದೆ. "ಹ್ವಾದ ವರ್ಷ ನಾಲ್ಕು ಮಂದಿ ಹೋಗುವಾಗ ಅವರ ಕೈ ನಾ ಹಿಡಕೊಂಡಿದ್ದೆ. ನಮ್ಮ ಅಬ್ಬಾ ಸತ್ತಾಗ ಹಿಡಿಯಾಕ ಆಗಲಿಲ್ಲ. ನಾ ರಾಯಚೂರು ಹಾಸ್ಟೆಲ್ಲಿನ್ಯಾಗ ಇದ್ದೆ. ಮೆಸೇಜ್ ಬಂತು. 'ತಂದೆಯವರ ಆರೋಗ್ಯದಲ್ಲಿ ಏರುಪೇರು ಕಂಡುಬಂದಿರುವುದರಿಂದ ಅನುಕೂಲ ನೋಡಿಕೊಂಡು ಬರತಕ್ಕದ್ದು' ಅಂತ. ಬಿಪಿ ಹೆಚ್ಚುಕಡಿಮಿ ಆಗಿರಬೇಕು ಅಂದ್ಕೊಂಡೆ. ಮರುದಿನ ಪರೀಕ್ಷಾ ಇತ್ತು. ಮುಗಿಸಿ ಬಂದೆ. ಮಣ್ಣು ಮಾಡಿ ಆಗಿತ್ತು."

ಆ ಸಂದೇಶ ನನ್ನದು.

ಅಣ್ಣನ ಮಂಚದ ಪಕ್ಕ ನಿಂತು ನಾನೇ ಬೆರಳೊತ್ತಿ ಬರೆದದ್ದು. ಅಣ್ಣ ಹೊಂಟಾನ, ಓಡಿ ಬಾ ಎಂಬುದು ನನ್ನ ಬಾಯಲ್ಲಿತ್ತು. ಬರೆಯುವ ಹೊತ್ತಿಗೆ ಕೈಗೆ ಅದು ಸಭ್ಯವಾಗಿ ಕಾಣಲಿಲ್ಲ. ಹುಡುಗಿ ಹೆದರಬಾರದೆಂದು ಹಾಗೆ ಬರೆದೆ ಎಂದು ಇಷ್ಟು ವರ್ಷ ನನಗೆ ನಾನೇ ಹೇಳಿಕೊಂಡು ಬಂದಿದ್ದೆ. ಅವಳು ಪರೀಕ್ಷೆಯ ಸಲುವಾಗಿ ತಡಮಾಡಿದಳೆಂದು ಒಂದೆರಡು ಸಲ ಬೇರೆಯವರ ಮುಂದೆ ಅಂದದ್ದೂ ಉಂಟು.

ರೇಷ್ಮಾ ನನ್ನ ಮುಖ ನೋಡಿದಳು. "ಚಿಚ್ಚಾ, ನಿಮಗ ಅನ್ನಾಕ ಹೇಳಲಿಲ್ಲರಿ. ಸುಮ್ಮನ ಬಂತು. ಅದನ್ನ ಬರೀಬ್ಯಾಡ್ರಿ. ನಕ್ಕೋ."

"ಬರದೀನಿ," ಎಂದೆ.

ಕಾಗದ ಅವಳ ಕಡೆ ತಿರುಗಿಸಿದೆ. ಅವಳು ಓದಿದಳು. ಅವಳು ಆಡಿದ ಮಾತು ಅವಳು ಆಡಿದ ಹಾಗೆಯೇ ಇತ್ತು, ನನ್ನ ಸಂದೇಶ ನಾನು ಬರೆದ ಹಾಗೆಯೇ ಇತ್ತು. ಒಂದರ ಪಕ್ಕ ಒಂದು ಇಟ್ಟಾಗ ಯಾವುದು ಮನುಷ್ಯನ ಮಾತೆಂದು ಹೇಳಲು ಸಮಿತಿಯ ಅಗತ್ಯವಿರಲಿಲ್ಲ.

"ನಾ ಓಡಿ ಬಾ ಅಂತ ಬರೀಬೇಕಾಗಿತ್ತುಬೇ," ಎಂದೆ. "ತಪ್ಪು ನಂದು."

ಅವಳು ಎದ್ದು ಒಲೆಯ ಮೇಲೆ ಚಹಕ್ಕೆ ನೀರಿಟ್ಟಳು. ಬೆನ್ನು ಈ ಕಡೆ ಮಾಡಿಕೊಂಡೇ, "ಸಕ್ಕರಿ ಎಷ್ಟ್ರಿ?" ಎಂದು ಕೇಳಿದಳು. ಎಷ್ಟೆಂದು ಅವಳಿಗೆ ಗೊತ್ತಿತ್ತು. ಎರಡು ಚಮಚ ಎಂದೆ.

ಶುಕ್ರವಾರ

ಮರುದಿನ ಬೆಳಿಗ್ಗೆ ಗುಡ್ರುನ್ ಅಜ್ಜಿಯ ಕೋಣೆಯಲ್ಲಿ ರೇಷ್ಮಾ ನನ್ನ ಕಾಗದ ನೋಡಿಕೊಂಡು ಆ ಕಣಿವೆಯ ಮಾತಿನಲ್ಲಿ ಹೇಳುತ್ತ ಹೋದಳು. ಅಜ್ಜಿ, "ಮೆಲ್ಲಗ, ಮೆಲ್ಲಗ" ಎನ್ನುವಂತೆ ಕೈ ಆಡಿಸುತ್ತ ಕೇಳಿದಳು. ಮೂರನೇ ಕೋಣೆಯ ಅಜ್ಜನ ಗಲ್ಲದ ವಿಷಯ ಬಂದಾಗ, "ಅಂವ ಶಾಲಿಯಾಗೂ ಹಿಂಗ ಮಾಡ್ತಿದ್ದ" ಎಂದು ಸಾಕ್ಷಿ ನುಡಿದಳು. ಆಮೇಲೆ ರೇಷ್ಮಾ ಅದನ್ನು ಆ ರೈತನ ಮಗನ ಬರಹದಲ್ಲಿ ಬರೆದಳು. ಆ ಬರಹದಲ್ಲಿ ಅವಳು ಬರೆದದ್ದು ಅದೇ ಮೊದಲು. ಅಜ್ಜಿ ಭೂತಗನ್ನಡಿ ಹಿಡಿದು ತಪ್ಪು ತಿದ್ದಿದಳು. ಎರಡು ತಪ್ಪು ಮಾತ್ರ ಬಿಟ್ಟಳು.

"ಅವು ಇರಲಿ. ಬ್ಯಾರೆ ಯಾರೋ ಬರದು ಕೊಟ್ಟಾರ ಅಂತ ಅನ್ನಬಾರದು ನೋಡು," ಎಂದು ನನ್ನ ಕಡೆ ನೋಡಿದಳು. ಈ ಮಾತನ್ನು ಅನುವಾದಿಸುವಾಗ ರೇಷ್ಮಾ ಅನಗತ್ಯವಾದ ಸಂತೋಷ ಪಟ್ಟಳೆಂದು ದಾಖಲಿಸುತ್ತೇನೆ.

ಸಂದೇಶದ ಕಥೆಯನ್ನು ಬಿಟ್ಟು, ಒಂದೇ ಸಾಲು ಉಳಿಸಿಕೊಂಡಿದ್ದಳು: ನನ್ನ ತಂದೆ ಹೋಗುವಾಗ ನಾನು ಹತ್ತಿರ ಇರಲಿಲ್ಲ, ಆದ್ದರಿಂದ ಹತ್ತಿರ ಇರುವುದು ಎಂದರೇನೆಂದು ನನಗೆ ಗೊತ್ತು. ಎರಡೂವರೆಗೆ ಹಳೆಯದನ್ನು ಹಿಂತೆಗೆದುಕೊಂಡು ಹೊಸದನ್ನು ಕಳಿಸಿದಳು. ಅದು ಒಂದು ಪುಟವೂ ಇರಲಿಲ್ಲ. ಸಹಿಯ ಮೇಲೆ 'ತಮ್ಮ ವಿಧೇಯ' ಎಂದು ಸೇರಿಸಲು ನನಗೆ ಕೊನೆಯ ಗಳಿಗೆಯವರೆಗೂ ಕೈ ಕಡಿಯುತ್ತಿತ್ತು.

ಆ ಮೇಲಿನ ಎರಡು ವಾರ ನಾನು ಕಣಿವೆಯಲ್ಲಿ ನಡೆದಾಡಿದೆ, ಕುರಿಗಳನ್ನು ನೋಡಿದೆ, ಒಮ್ಮೆ ಜಾರಿ ಬಿದ್ದೆ. ದಾರಿಯಲ್ಲಿ ಒಂದೇ ಪ್ರಶ್ನೆಯನ್ನು ತಿರುವಿ ಹಾಕುತ್ತಿದ್ದೆ. ನಮ್ಮ ಕಡೆಯ ಮಾತಿಗೆ ಅಳತೆ ತೆಗೆದವರು ಯಾರೂ ಇಲ್ಲ. ಸಾಲಗುಂದದವಳು ಹೇಳಿದ್ದನ್ನು ಹಾಗೆಯೇ ಬರೆದರೆ ತಹಸೀಲ್ದಾರರು ಓದುತ್ತಾರೆಯೇ? ತಾಲೂಕಿಗೊಂದು ಬರಹವಾದರೆ ಬೆಂಗಳೂರಿಗೆ ತಲುಪುವುದು ಹೇಗೆ? ನನ್ನ ಗ್ರಾಂಥಿಕ ಕನ್ನಡದಿಂದ ಎಷ್ಟೋ ಜನಕ್ಕೆ ರೇಷನ್ನು, ಪಿಂಚಣಿ ಸಿಕ್ಕಿರುವುದೂ ಸುಳ್ಳಲ್ಲ. ನಾರ್ವೆಯವರೇ ಇನ್ನೂ ಬಗೆಹರಿಸಿಕೊಳ್ಳದ ಮೊಕದ್ದಮೆಯನ್ನು ಜಾರಿ ಬಿದ್ದ ಮುದುಕನೊಬ್ಬ ಬಗೆಹರಿಸಲಾರ. ಇಷ್ಟು ಮಾತ್ರ ತೀರ್ಮಾನಿಸಿಕೊಂಡೆ: ಬರೆಯುವ ಮೊದಲು ಎದುರಿಗೆ ಕುಳಿತವರ ಮಾತನ್ನು ಒಂದು ಸಲ ಅವರದೇ ರೀತಿಯಲ್ಲಿ ಗೀಚಿಕೊಳ್ಳಬೇಕು. ಬಡ್ತಿ ಆಮೇಲೆ.

ಹೊರಡುವ ಹಿಂದಿನ ದಿನ

ಉತ್ತರ ಅವಳ ಫೋನಿಗೆ ಬಂತು. ನಾವು ಆಗ ರೊಟ್ಟಿ ಬಡಿಯುತ್ತಿದ್ದೆವು. ಜೋಳದ ಹಿಟ್ಟು ನಾನು ಹೊತ್ತುಕೊಂಡು ಹೋಗಿದ್ದೆ. ಅವಳು ಹಿಟ್ಟಿನ ಕೈಯಲ್ಲೇ ಫೋನು ಹಿಡಿದು ಓದಿದಳು. ನಾಲ್ಕೇ ಸಾಲು. ಅವಳು ಬರೆದ ಬಗೆಯ ಬರಹದಲ್ಲೇ ಬರೆದಿದ್ದರು.

"ಏನಂತಬೇ?"

"ಇರು ಅಂದಾರ."

ತವೆಯ ಮೇಲಿನ ರೊಟ್ಟಿ ಸೀದು ಹೋಯಿತು. ಅದನ್ನು ಯಾರೂ ತೆಗೆಯಲಿಲ್ಲ.

ಮಸ್ಕಿಗೆ ಫೋನು ಹಚ್ಚಬೇಕಾಗಿತ್ತು. ರೇಷ್ಮಾ ನನ್ನ ಕಡೆ ನೋಡಿದಳು. ರಾಯಭಾರಿ ನಾನಲ್ಲವೆ? ಸದ್ಯದ ಪರಿಸ್ಥಿತಿಯನ್ನು ಅವಲೋಕಿಸಲಾಗಿ ಎಂಬಲ್ಲಿಂದ ಆರಂಭವಾಗಿ ಭಾಬಿ ಸುಸ್ತಾಗಿ ಒಪ್ಪುವವರೆಗೆ ಎಳೆಯಬಲ್ಲ ಒಂದು ವಾಕ್ಯ ನನ್ನಲ್ಲಿ ಸಿದ್ಧವಿತ್ತು. ಭಾಬಿ ಫೋನೆತ್ತಿದಳು. ಹಿಂದೆ ಯಾರೋ ಗಿರಾಕಿ ಹಸಿರು ಬಳೆ ಕೇಳುತ್ತಿದ್ದರು.

"ಬರ್ತಾಳೇನು?"

"ಬರಂಗಿಲ್ಲ, ಭಾಬಿ."

ಬಳೆಗಳನ್ನು ಕೆಳಗಿಟ್ಟ ಸದ್ದಾಯಿತು. ಆಮೇಲೆ ಭಾಬಿ, "ನೀ ಸ್ವಲ್ಪ ತಡಿಯವ್ವ" ಎಂದು ಗಿರಾಕಿಗೆ ಹೇಳಿದಳು.

"ಅಕಿಗೆ ಬರಾಕ ಮನಸಿಲ್ಲೋ, ಬರಾಕ ಆಗವಲ್ದೋ?"

"ಅಕಿಗೆ ಇಲ್ಲೇ ಇರಬೇಕು ಅಂತೈತಿ. ಕಾಯಂ ಆಗೈತಿ. ಕೆಲಸ ಚೊಲೋ ಮಾಡ್ತಾಳ. ಮಂದಿ ಹಚ್ಚಿಕೊಂಡಾರ. ಆರಾಮ ಅದಾಳ."

"ಖರೇ?"

"ಖರೇ."

ಭಾಬಿ ಮೂಗು ಒರೆಸಿಕೊಂಡದ್ದು ಕೇಳಿಸಿತು. "ಇಷ್ಟ ಹೇಳಾಕ ನಿನಗ ಮೂರು ವಾರ ಬೇಕಾತೇನು? ಅಕಿ ಕೈಗೆ ಕೊಡು ಫೋನ."

ಕೊಟ್ಟೆ. ಮಳೆ ಸಣ್ಣದಿತ್ತು. ಹೊರಗೆ ಮೆಟ್ಟಿಲ ಮೇಲೆ ಹೋಗಿ ನಿಂತೆ. ಕಿಟಕಿಯೊಳಗೆ ತಾಯಿ ಮಗಳು ದಖನಿಯಲ್ಲಿ ಬಹಳ ಹೊತ್ತು ಮಾತಾಡಿದರು. ಒಮ್ಮೆ ಬೈದಾಡಿದಂತೆ, ಒಮ್ಮೆ ಅತ್ತಂತೆ, ಆಮೇಲೆ ಇಬ್ಬರೂ ಜೋರಾಗಿ ನಕ್ಕಂತೆ. ನನ್ನ ತಾಯಿ ನನ್ನನ್ನು ಮಲಗಿಸಿದ ಭಾಷೆ ಅದು. ಅದರಲ್ಲಿ ನಾನು ಇದುವರೆಗೆ ಒಂದಕ್ಷರವನ್ನೂ ಬರೆದಿಲ್ಲ.